ಬಿಂದು ಎಲ್ಲಿದೆ ಎಂದು ಬೆರಳನ್ನೇ ಕೇಳಿ

ಮೈಮೇಲಿನ ಗೊತ್ತಾದ ಬಿಂದುಗಳನ್ನು ಬೆರಳಿನಿಂದ ಒತ್ತುವ ಅಕ್ಯುಪ್ರೆಶರ್ ಕಲಿಯಬೇಕೆಂದು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬರುವವರಲ್ಲಿ ಹೆಚ್ಚಿನವರ ಕಂಕುಳಲ್ಲಿ ಒಂದು ಬಣ್ಣದ ಚಿತ್ರಪಟ ಇರುತ್ತದೆ. ತಲೆನೋವಿಗೆ ಇಲ್ಲಿ, ಸಕ್ಕರೆ ಕಾಯಿಲೆಗೆ ಅಲ್ಲಿ, ಮಂಡಿನೋವಿಗೆ ಇನ್ನೊಂದು ಕಡೆ ಎಂದು ಮೈತುಂಬ ಕೆಂಪು ಚುಕ್ಕೆ ಇಟ್ಟ ಪಟ. ಅದನ್ನು ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿ, ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಚೀನಾದ ಹಳೆಯ ವೈದ್ಯರು ಬಿಂದುಗಳನ್ನು ಬಳಸಿದ್ದು ಚಿಕಿತ್ಸೆಗೆ ಮಾತ್ರವಲ್ಲ, ವಿಚಾರಣೆಗೂ ಹೌದು. ಒಳಗೆ ತೊಂದರೆ ಇದ್ದಾಗ ಮೈಮೇಲಿನ ಕೆಲವು ಜಾಗಗಳು ನೋಯುತ್ತವೆ, ಗಂಟು ಕಟ್ಟುತ್ತವೆ, ಕುಸಿಯುತ್ತವೆ, ತಣ್ಣಗಾಗುತ್ತವೆ. ತೊಂದರೆ ಇಳಿದಂತೆ ಅವೂ ಸುಮ್ಮನಾಗುತ್ತವೆ ಎಂಬುದು ಅವರ ತಿಳಿವಳಿಕೆ. ಆ ಬದಲಾವಣೆಯನ್ನು ಬೆರಳಿನಿಂದ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವಾಗ ಕೈ ತೆಗೆದು ಆಸ್ಪತ್ರೆಗೆ ಜೀಪು ಕರೆಸಬೇಕು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಸೂಜಿಯ ವಿಷಯ ಎತ್ತುವುದಿಲ್ಲ. ಸೂಜಿ ಹಿಡಿಯಬೇಕಾದವರು ಗುರುವಿನ ಮುಂದೆ ಕುಳಿತು ಕಲಿಯಬೇಕು; ಓದಿ ಚುಚ್ಚುವ ವಿದ್ಯೆ ಅದಲ್ಲ.

ನಾನು ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಡಿಸ್ಪೆನ್ಸರಿಯಲ್ಲಿ ನರ್ಸ್ ಆಗಿದ್ದವಳು. ಈಗ ಗೋಣಿಕೊಪ್ಪದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ನನ್ನ ಕೋಣೆ. ಬರುವವರಿಗೆ ನಾನು ಇಂದಿಗೂ ‘ಸಿಸ್ಟರ್’ ಅಷ್ಟೇ. ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯನ್ನು ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. 1938ರಲ್ಲಿ ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅದರಲ್ಲಿದ್ದ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಇದೇ ಬಿಂದುಗಳಿಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತಾದಲ್ಲಿ ಆರಂಭಿಸಿದರು. ನನಗೆ ಕಲಿಸಿದವರು ಆ ಬಂಗಾಳದ ಬಳಗದಲ್ಲಿ ಪಳಗಿದವರು. ಬೈಲಕುಪ್ಪೆಯ ಟಿಬೆಟನ್ ವೈದ್ಯವೂ ಇದೂ ಒಂದೇ ಎಂದು ಕುಶಾಲನಗರದ ಕಡೆಯವರು ತಿಳಿಯುವುದುಂಟು. ಅಲ್ಲ, ಅದು ಬೇರೆಯೇ ಶಾಸ್ತ್ರ.

ಅಳತೆ ರೋಗಿಯದು

ಹನ್ನೊಂದನೇ ಶತಮಾನದ ಚೀನಾದಲ್ಲಿ ವಿದ್ಯಾರ್ಥಿಗಳ ಪರೀಕ್ಷೆಗೆ ಕಂಚಿನ ಮನುಷ್ಯನಿದ್ದ. 1027ರಲ್ಲಿ ವಾಂಗ್ ವೇಯ್‌ಯಿ ಎಂಬ ಆಸ್ಥಾನದ ವೈದ್ಯ ಮಾಡಿಸಿದ ಆಳೆತ್ತರದ ಪ್ರತಿಮೆ. ಬಿಂದುಗಳಿರುವ ಕಡೆಯೆಲ್ಲ ತೂತು, ಮೇಲೆ ಮೇಣದ ಲೇಪ, ಒಳಗೆ ದ್ರವ. ಸೂಜಿ ಸರಿಯಾದ ಜಾಗಕ್ಕೆ ಹೋದರೆ ದ್ರವ ಒಸರುತ್ತಿತ್ತು, ತಪ್ಪಿದರೆ ಕಂಚು ತಡೆಯುತ್ತಿತ್ತು. ಜಾಗ ಕಲಿಸುವುದಕ್ಕೆ ಒಳ್ಳೆಯ ಉಪಾಯವೇ. ಆದರೆ ಕಂಚಿನವನಿಗೆ ಹೊಟ್ಟೆ ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅವನ ತೂತುಗಳು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಇದ್ದಲ್ಲೇ ಇರುತ್ತವೆ. ಜೀವಂತ ಮೈಯಲ್ಲಿ ಲೆಕ್ಕ ಇಷ್ಟು ನೆಟ್ಟಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚೀನಾ, ಜಪಾನ್, ಕೊರಿಯಾಗಳ ತಜ್ಞರನ್ನು ಕೂರಿಸಿ 361 ಬಿಂದುಗಳ ಜಾಗ ಗೊತ್ತುಮಾಡಿ 2008ರಲ್ಲಿ ಪ್ರಕಟಿಸಿದಾಗಲೂ ಆರು ಬಿಂದುಗಳ ಬಗ್ಗೆ ಒಮ್ಮತ ಆಗಲಿಲ್ಲ. ಅಂಗೈ ನಡುವಿನ ಬಿಂದುವೂ ಆ ಆರರಲ್ಲಿ ಒಂದು. ಪಂಡಿತರೇ ಇಷ್ಟು ಬಿಟ್ಟುಕೊಟ್ಟಿರುವಾಗ ಚಿತ್ರಪಟದ ಚುಕ್ಕೆಗೆ ಜೋತುಬೀಳುವುದರಲ್ಲಿ ಅರ್ಥವಿಲ್ಲ. ಚುಕ್ಕೆಯ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನಾದರೂ ತಡವಿ ನೋಡಬೇಕು.

ಆ ಜಾಗದವರೆಗೆ ತಲುಪಲು ಅಳತೆ ಬೇಕು. ಚೀನೀ ಅಳತೆಯ ಹೆಸರು ತ್ಸುನ್. ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್. ತೋರುಬೆರಳು ಮತ್ತು ನಡುಬೆರಳು ಸೇರಿದರೆ ಒಂದೂವರೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಜೋಡಿಸಿದರೆ ಮೂರು. ಬೆರಳು ನಿಮ್ಮದಲ್ಲ, ರೋಗಿಯದು. ಆರಡಿ ಎತ್ತರದ ಅಣ್ಣನ ಕಾಲನ್ನು ನನ್ನ ಗಿಡ್ಡ ಬೆರಳಿನಿಂದ ಅಳೆದರೆ ಬೆರಳು ಬಿಂದುವನ್ನು ತಲುಪುವ ಮೊದಲೇ ನಿಂತುಬಿಡುತ್ತದೆ. ರೋಗಿ ಕೈಯನ್ನು ಅಲ್ಲಿಗೆ ಚಾಚಲಾರದಿದ್ದರೆ ಮೈಯನ್ನೇ ಭಾಗ ಮಾಡಿ: ಎದೆಯ ನಡುಮೂಳೆಗೆ ಪಕ್ಕೆಲುಬುಗಳು ಬಂದು ಸೇರುವ ಕೆಳತುದಿಯಿಂದ ಹೊಕ್ಕುಳಿನವರೆಗೆ ಎಂಟು ತ್ಸುನ್, ಹೊಕ್ಕುಳಿನಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಐದು, ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಮಡಿಕೆಯವರೆಗೆ ಹನ್ನೆರಡು. ಮನುಷ್ಯ ದಪ್ಪಗಿರಲಿ ತೆಳ್ಳಗಿರಲಿ, ಈ ಭಾಗಾಕಾರ ಕೈಕೊಡುವುದಿಲ್ಲ.

ಕೈ ಇಡುವ ಮೊದಲು

ಹೊತ್ತು ನೋಡಿ ಶುರು ಮಾಡಿ. ಜನವರಿಯಲ್ಲಿ ದಿನವಿಡೀ ರೋಬಸ್ಟಾ ಕೊಯ್ದು, ಚೀಲ ಹೊತ್ತು ತೂಕಕ್ಕೆ ಹಾಕಿ ಬಂದವರ ಮೈಯಲ್ಲಿ ಸಂಜೆ ಎಲ್ಲಿ ಒತ್ತಿದರೂ ನೋಯುತ್ತದೆ. ಅದು ಕೆಲಸದ ನೋವು; ಅದರಲ್ಲಿ ಕಾಯಿಲೆಯ ಗುರುತು ಹುಡುಕಿದರೆ ಸಿಕ್ಕಿದ್ದೆಲ್ಲ ಗುರುತೇ. ಮೆಣಸಿನ ಏಣಿ ಹತ್ತುವವರ ಮೀನಖಂಡ, ಕಪಾತು ಮಾಡುವವರ ಮುಂಗೈ, ಕಳೆ ಕೊಚ್ಚುವ ಯಂತ್ರ ಹೊರುವವರ ಎಡ ಹೆಗಲು ಇವೆಲ್ಲ ಕಾಲಕ್ಕೆ ತಕ್ಕಂತೆ ಬಿಗಿದಿರುತ್ತವೆ. ಅಂಥವರನ್ನು ಸಂತೆಯ ರಜೆಯ ದಿನ ಬೆಳಿಗ್ಗೆ ಬರಹೇಳುತ್ತೇನೆ. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ತುಂಬಿದ ಹೊಟ್ಟೆ, ತುಂಬಿದ ಮೂತ್ರಚೀಲದ ಮೇಲೆ ಒತ್ತಿದರೆ ಯಾರಿಗಾದರೂ ಹಿಂಸೆಯೇ.

ಜುಲೈ ತಿಂಗಳಲ್ಲಿ ನಮ್ಮ ಬೆರಳು ಕಲ್ಲಿನಂತೆ ತಣ್ಣಗಿರುತ್ತದೆ. ತಣ್ಣನೆಯ ಬೆರಳು ತಗುಲಿದೊಡನೆ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ಏನೂ ತಿಳಿಯುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳಿ. ಉಗುರು ಕತ್ತರಿಸಿರಬೇಕೆಂದು ಬೇರೆ ಹೇಳಬೇಕಿಲ್ಲ.

ಮುಟ್ಟುವ ಮುನ್ನ ಕಣ್ಣಿನಿಂದ ನೋಡಿ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ರೋಗಿಯನ್ನು ಕೂರಿಸಿದರೆ ಬೆನ್ನಿನ ಉಬ್ಬು ತಗ್ಗು ನೆರಳಿನಲ್ಲಿ ಕಾಣುತ್ತದೆ. ಚರ್ಮದ ಬಣ್ಣ ಒಂದು ಕಡೆ ಕಪ್ಪಿಟ್ಟಿದೆಯೇ, ಕೆಂಪು ಎಳೆಗಳಂಥ ಸಣ್ಣ ರಕ್ತನಾಳ ಮೂಡಿವೆಯೇ, ಬೊಕ್ಕೆ ಎದ್ದಿದೆಯೇ, ಒಂದು ಮಗ್ಗುಲು ಊದಿದೆಯೇ? ಆಮೇಲೆ ಅಂಗೈಯ ಹಿಂಬದಿಯನ್ನು ಬೆನ್ನುಮೂಳೆಯ ಎರಡೂ ಬದಿಗೆ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯಿರಿ. ಬಿಸಿ, ತಂಪು, ತೇವ, ಒರಟು ಎಲ್ಲವೂ ಅಂಗೈಗಿಂತ ಅಲ್ಲಿಗೆ ಚೆನ್ನಾಗಿ ತಿಳಿಯುತ್ತದೆ. ಒತ್ತುವ ಅವಸರದಲ್ಲಿ ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು.

ಬಿಂದು ಹುಡುಕುವ ವಿದ್ಯುತ್ ಪೆನ್ನುಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಚರ್ಮದ ವಿದ್ಯುತ್ ತಡೆ ಕಡಿಮೆಯಾದ ಕಡೆ ಪೀಂ ಎನ್ನುವ ಯಂತ್ರ. ಬೆವರಿದ ಚರ್ಮದಲ್ಲಿ ತಡೆ ಹೇಗೂ ಕಡಿಮೆ. ಕೊಡಗಿನ ಮಳೆಗಾಲದಲ್ಲಿ ಒಣಗಿದ ಬಟ್ಟೆಯೇ ಸಿಗುವುದಿಲ್ಲ, ಇನ್ನು ಒಣಗಿದ ಚರ್ಮ ಎಲ್ಲಿಂದ ಬರಬೇಕು? ಆ ಹಣದಲ್ಲಿ ಒಂದು ಒಳ್ಳೆಯ ಮಂಚ ಮಾಡಿಸಿಕೊಳ್ಳಿ.

ಎಷ್ಟು ಒತ್ತಬೇಕು, ಏನು ಕೇಳಬೇಕು

ಒಂದೇ ಬಿಂದುವನ್ನು ಇಬ್ಬರು ಒತ್ತಿ ಎರಡು ಉತ್ತರ ಪಡೆಯುವುದು ಒತ್ತಡದ ವ್ಯತ್ಯಾಸದಿಂದ. ಇದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಕಾಳುಮೆಣಸು ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ಹೆಬ್ಬೆರಳು ಊರಿ. ಮೊದಲು ಒಂದು ಕಿಲೋ ತೋರಿಸುವಷ್ಟು, ಆಮೇಲೆ ಎರಡು, ಕೊನೆಗೆ ನಾಲ್ಕು. ಕಣ್ಣು ಮುಚ್ಚಿ ಒತ್ತಿ, ತೆರೆದು ನೋಡಿದಾಗ ಅಂದುಕೊಂಡ ತೂಕವೇ ಇರಬೇಕು, ಅಲ್ಲಿಯವರೆಗೆ ಬಿಡಬೇಡಿ. ನಾಲ್ಕು ಕಿಲೋಗೆ ಹೆಬ್ಬೆರಳಿನ ಉಗುರಿನಡಿಯ ಕೆಂಪು ಬಿಳಿಚುತ್ತದೆ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಮೈಕೈ ನೋವಿನ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾದ ಪರೀಕ್ಷೆಗೆ ಗೊತ್ತುಮಾಡಿದ ಒತ್ತಡವೂ ಇದೇ. ಬೆನ್ನು, ಕಾಲುಗಳಿಗೆ ಅದು ಮೇಲಿನ ಮಿತಿ. ಹೊಟ್ಟೆಗೆ ಒಂದು ಕಿಲೋ ಸಾಕು. ಅದೂ ರೋಗಿ ಮಂಡಿ ಮಡಿಸಿ ಮಲಗಿ, ಉಸಿರು ಬಿಡುವಾಗ.

ಒತ್ತಡ ನಿಧಾನವಾಗಿ ಏರಬೇಕು, ಎರಡು ಉಸಿರಿನಷ್ಟು ಹೊತ್ತು ನಿಲ್ಲಬೇಕು, ನಿಧಾನವಾಗಿ ಇಳಿಯಬೇಕು. ಹೆಬ್ಬೆರಳನ್ನು ಚಿಕ್ಕ ವೃತ್ತದಲ್ಲಿ ತಿರುಗಿಸಿದರೆ ಅಡಿಯಲ್ಲಿ ಗಂಟಿದ್ದರೆ ಉರುಳುತ್ತದೆ. ಎಡಗಡೆ ನೋಡಿದ್ದನ್ನು ಬಲಗಡೆಯೂ ನೋಡಿ, ಅದೇ ಒತ್ತಡದಲ್ಲಿ. ಎರಡೂ ಬದಿ ಸಮನಾಗಿ ನೋಯುವ ಬಿಂದುವಿಗಿಂತ ಒಂದು ಬದಿ ಮಾತ್ರ ನೋಯುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬಿಂದುವಿನಿಂದ ಎರಡು ಬೆರಳು ಆಚೆ, ಏನೂ ಇಲ್ಲದ ಜಾಗವನ್ನೂ ಒತ್ತಿ ನೋಡಿ. ಅಲ್ಲೂ ಅಷ್ಟೇ ನೋಯುವುದಾದರೆ ಬಿಂದುವಿನ ನೋವಿಗೆ ವಿಶೇಷ ಅರ್ಥವಿಲ್ಲ.

ಇನ್ನು ಕೇಳುವ ಬಗೆ. “ನೋಯುತ್ತದೆಯಾ?” ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ಸಿಸ್ಟರ್‌ಗೆ ಬೇಸರವಾಗದಿರಲಿ ಎಂದು ಹೌದು ಎನ್ನುತ್ತಾರೆ, ಗಂಡಸರು ಮೀಸೆಯ ಮರ್ಯಾದೆಗೆ ಇಲ್ಲ ಎನ್ನುತ್ತಾರೆ. ನಾನು ಕೇಳುವುದು ಹೀಗೆ: “ಅಕ್ಕ, ಇದು, ಇದು. ಎರಡರಲ್ಲಿ ಯಾವುದು ಬೇರೆ ಥರ ಇದೆ?” ಆಗ ಅವರು ಯೋಚಿಸಿ ಉತ್ತರಿಸುತ್ತಾರೆ. ಮಾತಿಗಿಂತ ಮುಖ ನೋಡುವುದು ಇನ್ನೂ ಮೇಲು. ಹುಬ್ಬು ಗಂಟಿಕ್ಕುವುದು, ಉಸಿರು ಹಿಡಿಯುವುದು, ಕಾಲ್ಬೆರಳು ಮಡಚುವುದು ಸುಳ್ಳಾಡುವುದಿಲ್ಲ.

ಸಿಕ್ಕಿದ್ದನ್ನು ಓದುವುದು

ಒತ್ತಿದಾಗ ಸಿಗುವ ಉತ್ತರಗಳು ಒಂದೇ ಬಗೆಯವಲ್ಲ. ಚುಚ್ಚಿದಂಥ ಚುರುಕು ನೋವು ಮತ್ತು ಕೈ ತಳ್ಳಿಬಿಡುವ ಪ್ರತಿಕ್ರಿಯೆ ಒಂದು ಬಗೆ. ಬೆರಳ ಕೆಳಗೆ ಮೆಣಸಿನ ಕಾಳಿನಷ್ಟೋ ಅವರೆಕಾಳಿನಷ್ಟೋ ಗಂಟು, ಇಲ್ಲವೇ ಅಡ್ಡಡ್ಡಲಾಗಿ ಮೀಟಬಹುದಾದ ಹುರಿ. ಇವನ್ನು ಚೀನೀ ವೈದ್ಯರು ತುಂಬಿ ತಡೆದ ಸ್ಥಿತಿಯೆಂದು ಓದುತ್ತಾರೆ. ಅವರು ‘ಚಿ’ ಎನ್ನುವ ಶಕ್ತಿಯ ಹರಿವು ಕಟ್ಟಿಕೊಂಡಿದೆ ಎಂದು. ಇದಕ್ಕೆ ಎದುರಾದ ಬಗೆಯಲ್ಲಿ ಬೆರಳು ಸಲೀಸಾಗಿ ಒಳಗೆ ಇಳಿಯುತ್ತದೆ, ಜಾಗ ಸಡಿಲ, ತಣ್ಣಗೆ, ತಗ್ಗು. ಒತ್ತಿದರೆ ನೋವಿನ ಬದಲು “ಹಾಗೇ ಇಟ್ಟಿರಿ ಸಿಸ್ಟರ್, ಹಿತವಾಗಿದೆ” ಎನ್ನುತ್ತಾರೆ. ಅದನ್ನು ಕೊರತೆಯೆಂದು ಓದುತ್ತಾರೆ. ಜೋಮು, ಮಂದ, ಮುಟ್ಟಿದ್ದೇ ತಿಳಿಯದ ಸ್ಥಿತಿಯೂ ಉತ್ತರವೇ. ಚಿತ್ರಪಟ ಹಿಡಿದವರು ನೋವನ್ನೇ ಹುಡುಕುವುದರಿಂದ ಇವೆಲ್ಲ ಅವರ ಕೈಗೆ ತಪ್ಪಿಹೋಗುತ್ತವೆ.

ಮೊದಲ ಬಗೆಗೆ ನಿಧಾನವಾಗಿ ಒಂದೆರಡು ನಿಮಿಷ ಒತ್ತಿ ಹಿಡಿದು, ಗಂಟು ಮೆತ್ತಗಾದಾಗ ಬಿಡುವುದು. ಎರಡನೆಯದಕ್ಕೆ ಒತ್ತಡ ಬೇಡ, ಶಾಖ ಬೇಕು. ಚೀನಾದಲ್ಲಿ ಮಾಚಿಪತ್ರೆಯ ಜಾತಿಯ ಗಿಡದ ಎಲೆಯನ್ನು ಒಣಗಿಸಿ ಉಂಡೆ ಮಾಡಿ ಚರ್ಮದ ಸಮೀಪ ಉರಿಸಿ ಕಾವು ಕೊಡುತ್ತಾರೆ. ಮನೆಯಲ್ಲಿ ಬಿಸಿನೀರಲ್ಲಿ ಹಿಂಡಿದ ಟವೆಲ್ ಸಾಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಮಾತ್ರ ಅದೂ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಸದಾ ದೂರು ಹೇಳುವ ಕೆಲವು ಬಿಂದುಗಳಿವೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ‘ಹೆಗು’, ಹೆಗಲ ನೆತ್ತಿಯ ‘ಜಿಯಾನ್‌ಜಿಂಗ್’, ಕಾಲಿನ ಒಳಗಿಣ್ಣಿನಿಂದ ನಾಲ್ಕು ಬೆರಳು ಮೇಲಿನ ‘ಸಾನ್‌ಯಿನ್‌ಜಿಯಾವ್’. ಇವು ಆರೋಗ್ಯವಂತರಲ್ಲೂ ನೋಯುತ್ತವೆ. ಇವನ್ನೇ ಒತ್ತಿ ರೋಗ ಹೇಳುವವರು ಮೇಳಗಳಲ್ಲಿ ಟೇಬಲ್ ಹಾಕಿ ಕುಳಿತಿರುತ್ತಾರೆ. ಎಲ್ಲರಿಗೂ ನೋವು, ಎಲ್ಲರಿಗೂ ರೋಗ, ಎಲ್ಲರಿಗೂ ಒಂದು ಡಬ್ಬಿ ಪುಡಿ. ಈ ಮೂರರ ನೋವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗರ್ಭಿಣಿಯರಲ್ಲಿ ಇವನ್ನು ಜೋರಾಗಿ ಒತ್ತಬಾರದೆಂಬ ಹಳೆಯ ಕಟ್ಟಳೆಯೂ ಇದೆ, ಅದನ್ನು ಮೀರುವುದಿಲ್ಲ.

ಹುಡುಕುವ ಜಾಗಗಳು

361ನ್ನೂ ತಡಕಲು ಯಾರಿಗೂ ಪುರುಸೊತ್ತಿಲ್ಲ. ಉತ್ತರ ಕೊಡುವುದರಲ್ಲಿ ಹೆಸರಾದ ಕೆಲವು ಗುಂಪುಗಳಿವೆ. ಅವುಗಳಲ್ಲಿ ಬೆನ್ನಿನವೇ ಮೊದಲು. ಎರಡು ಸಾವಿರ ವರ್ಷ ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದಲ್ಲೇ ಬೆನ್ನಿನ ಬಿಂದುಗಳ ಜಾಗವನ್ನು ಹೇಳಿದ ಮೇಲೆ, ಅಲ್ಲಿ ಒತ್ತಿ ನೋಡಿ, ಒಳಗೆ ಸ್ಪಂದನ ಕಂಡು ನೋವು ಇಳಿದರೆ ಅದೇ ಬಿಂದು ಎಂಬ ಅರ್ಥದ ಮಾತಿದೆ. ಅಳತೆ ಹೇಳಿದವರೇ ಕೊನೆಯ ತೀರ್ಮಾನವನ್ನು ಬೆರಳಿಗೆ ಬಿಟ್ಟರು ನೋಡಿ.

ರೋಗಿಯ ಕತ್ತು ಬಗ್ಗಿಸಿ. ಬುಡದಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಬೆನ್ನುಮೂಳೆಯ ಗಿಣ್ಣು ಕತ್ತಿನ ಏಳನೆಯದು. ಅದರ ಕೆಳಗಿನಿಂದ ಎದೆಭಾಗದ ಹನ್ನೆರಡು ಗಿಣ್ಣುಗಳು. ತೋಳು ಇಳಿಬಿಟ್ಟು ಕುಳಿತಾಗ ಹೆಗಲ ಹಲಗೆಯ ಕೆಳತುದಿ ಏಳನೆಯದರ ಮಟ್ಟಕ್ಕೆ ಬರುತ್ತದೆ, ಎಣಿಕೆ ಸರಿಯೇ ಎಂದು ಇದರಿಂದ ತಾಳೆ ನೋಡಿ. ಸೊಂಟದ ಮೂಳೆಗಳ ನೆತ್ತಿಯನ್ನು ಸೇರಿಸುವ ಗೆರೆ ಸೊಂಟದ ನಾಲ್ಕನೆಯ ಗಿಣ್ಣಿಗೆ. ಬೆನ್ನುಮೂಳೆಯ ನಡುಗೆರೆಯಿಂದ ಹೆಗಲ ಹಲಗೆಯ ಒಳ ಅಂಚಿಗೆ ಮೂರು ತ್ಸುನ್. ಅದರ ಅರ್ಧಕ್ಕೆ, ಉದ್ದಕ್ಕೂ ಒಂದು ಕಾಣದ ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ, ಗಿಣ್ಣಿನ ಕೆಳಮಟ್ಟದಲ್ಲಿ, ಎದೆಭಾಗದ ಮೂರನೆಯದಕ್ಕೆ ಶ್ವಾಸಕೋಶ, ಐದಕ್ಕೆ ಹೃದಯ, ಒಂಬತ್ತಕ್ಕೆ ಯಕೃತ್ತು, ಹತ್ತಕ್ಕೆ ಪಿತ್ತಕೋಶ, ಹನ್ನೊಂದಕ್ಕೆ ಗುಲ್ಮ, ಹನ್ನೆರಡಕ್ಕೆ ಜಠರ. ಸೊಂಟದ ಎರಡನೆಯದಕ್ಕೆ ಮೂತ್ರಪಿಂಡ, ನಾಲ್ಕನೆಯದಕ್ಕೆ ದೊಡ್ಡ ಕರುಳು.

ಈ ಹೆಸರುಗಳನ್ನು ರೋಗಿಯ ಮುಂದೆ ಉಚ್ಚರಿಸಬೇಡಿ. ಚೀನೀ ವೈದ್ಯದ ಮೂತ್ರಪಿಂಡವೆಂದರೆ ಬೆಳವಣಿಗೆ, ಮೂಳೆ, ಕಿವಿ, ಭಯ ಎಲ್ಲವನ್ನೂ ಒಳಗೊಂಡ ಒಂದು ಕಲ್ಪನೆ. “ನಿಮ್ಮ ಕಿಡ್ನಿ ಬಿಂದು ನೋಯುತ್ತಿದೆ” ಎಂದು ಬಾಯಿ ಜಾರಿದರೆ ಮರುದಿನವೇ ಆ ಮನುಷ್ಯ ಸಾಲ ಮಾಡಿ ಮೈಸೂರಿಗೆ ಸ್ಕ್ಯಾನಿಂಗ್‌ಗೆ ಹೊರಡುತ್ತಾನೆ.

ಬೆನ್ನಿಗೆ ಜೋಡಿಯಾಗಿ ಮುಂಭಾಗದಲ್ಲಿ ‘ಮು’ ಬಿಂದುಗಳಿವೆ. ಜಠರದ್ದು ‘ಝೊಂಗ್‌ವಾನ್’: ಎದೆಮೂಳೆಯ ಕೆಳತುದಿಗೂ ಹೊಕ್ಕುಳಿಗೂ ಸರಿಯಾಗಿ ನಡುವೆ. ದೊಡ್ಡ ಕರುಳಿನದು ‘ತಿಯಾನ್‌ಶು’: ಹೊಕ್ಕುಳಿನ ಎರಡೂ ಪಕ್ಕಕ್ಕೆ ಎರಡು ತ್ಸುನ್. ಶ್ವಾಸಕೋಶದ್ದು ‘ಝೊಂಗ್‌ಫು’: ಕೊರಳೆಲುಬಿನ ಹೊರತುದಿಯ ಕೆಳಗೆ, ಮೊದಲ ಎರಡು ಪಕ್ಕೆಲುಬುಗಳ ನಡುವೆ. ಆಗಸ್ಟ್ ತಿಂಗಳಲ್ಲಿ ಕೆಮ್ಮಿಕೊಂಡು ಬರುವವರಲ್ಲಿ ಇದೂ ಬೆನ್ನಿನ ಮೂರನೇ ಗಿಣ್ಣಿನ ಪಕ್ಕದ್ದೂ ಒಟ್ಟಿಗೆ ಮಾತಾಡುತ್ತವೆಯೇ ಎಂದು ನೋಡುತ್ತೇನೆ. ಹಿಂದೆಯೂ ಮುಂದೆಯೂ ಒಂದೇ ಅಂಗದ ಬಿಂದು ಉತ್ತರ ಕೊಟ್ಟರೆ ಮಾತ್ರ ಬರೆದುಕೊಳ್ಳುವುದು ನನ್ನ ಪದ್ಧತಿ.

ಮೂರನೆಯ ಸಾಕ್ಷಿ ಕಾಲಿನಿಂದ ಬರಬೇಕು. ಜಠರಕ್ಕೆ ‘ಝೂಸಾನ್‌ಲಿ’: ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲು ಮೂಳೆಯ ಅಂಚಿನಿಂದ ಒಂದು ಬೆರಳು ಆಚೆ. ಅದರಿಂದ ಇನ್ನೂ ನಾಲ್ಕು ಬೆರಳು ಇಳಿದರೆ ದೊಡ್ಡ ಕರುಳಿನದು. ತಟ್ಟನೆ ಬಂದ ಹೊಟ್ಟೆನೋವಿಗಾದರೆ ಮಂಡಿಚಿಪ್ಪಿನ ಮೇಲಂಚಿನ ಹೊರತುದಿಯಿಂದ ಎರಡು ತ್ಸುನ್ ಮೇಲಿನ ‘ಲಿಯಾಂಗ್‌ಚಿಯು’. ಹುತ್ತರಿ ಊಟದ ಮರುದಿನ, ಹಂದಿಮಾಂಸವೂ ಕಡುಬೂ ಒಂದು ತುತ್ತು ಹೆಚ್ಚಾದವರಲ್ಲಿ, ಝೊಂಗ್‌ವಾನ್ ಮತ್ತು ಲಿಯಾಂಗ್‌ಚಿಯು ಎರಡನ್ನೂ ಮುಟ್ಟಿ ನೋಡಿ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಹೆಸರಿಲ್ಲದೆ, ಎಲ್ಲೆಂದರಲ್ಲಿ ನೋಯುವ ಜಾಗಗಳೂ ಲೆಕ್ಕಕ್ಕೆ ಸಲ್ಲುತ್ತವೆ. ಏಳನೇ ಶತಮಾನದ ವೈದ್ಯ ಸುನ್ ಸಿಮಿಯಾವ್ ಅವನ್ನೂ ಚಿಕಿತ್ಸೆಗೆ ಬಳಸುವ ಕ್ರಮವನ್ನು ಬರೆದಿಟ್ಟಿದ್ದಾನೆ.

ಒಬ್ಬ ಅಕ್ಕನ ಬೆನ್ನು

ನನ್ನ ಕೋಣೆಗೆ ಬಂದ ಒಬ್ಬರ ವಿಷಯ ಹೇಳಿದರೆ ಇದೆಲ್ಲ ಹೇಗೆ ಕೂಡಿ ಬರುತ್ತದೆಂದು ತಿಳಿಯುತ್ತದೆ. ಲೈನ್‌ಮನೆಯಲ್ಲಿರುವ, ಕಾಫಿ ಕೊಯ್ಯುವ ಹೆಂಗಸು. ದೂರು ಸೊಂಟನೋವಿನದು. ಸೊಂಟದ ನಾಲ್ಕು ಐದನೇ ಗಿಣ್ಣುಗಳ ಪಕ್ಕ ಎರಡೂ ಕಡೆ ಸ್ನಾಯು ಬಿಗಿದಿತ್ತು, ಬಗ್ಗಿ ಏಳುವ ಕೆಲಸಕ್ಕೆ ಅದು ಸಹಜ. ಆದರೆ ಅಂಗೈಯ ಹಿಂಬದಿಯನ್ನು ಎಳೆಯುತ್ತ ಬಂದಾಗ ಎದೆಭಾಗದ ಹನ್ನೊಂದು, ಹನ್ನೆರಡರ ಎಡಬದಿ ಬೇರೆಯಾಗಿತ್ತು. ಅಲ್ಲಿ ಅಡ್ಡಕ್ಕೆ ಮೀಟಿದರೆ ಹುರಿಯಂತೆ ಸಿಗುತ್ತಿತ್ತು. ಒತ್ತಿದೊಡನೆ ಅವರು ಉಸಿರು ಹಿಡಿದರು. ಬಲಬದಿಯಲ್ಲಿ ಏನೂ ಇಲ್ಲ. ಮಲಗಿಸಿ ಝೊಂಗ್‌ವಾನ್ ಮೇಲೆ ಬೆರಳಿಟ್ಟರೆ ಅರ್ಧ ಕಿಲೋ ಭಾರಕ್ಕೇ ಕೈ ಹಿಡಿದುಕೊಂಡರು. ಎಡಗಾಲಿನ ಝೂಸಾನ್‌ಲಿಯೂ ಬಲಕ್ಕಿಂತ ನೋಯುತ್ತಿತ್ತು.

“ಅಕ್ಕ, ಊಟ ಸೇರುತ್ತದಾ?” ಎಂದೆ. ಸೊಂಟನೋವಿಗೂ ಊಟಕ್ಕೂ ಏನು ಸಂಬಂಧ ಎಂಬಂತೆ ನೋಡಿದರು. ಕೆದಕಿದಾಗ ಹೊರಬಂತು: ಎದೆಯುರಿ, ಹುಳಿತೇಗು, ಬೆಳಗಿನ ಹೊತ್ತು ಬರಿಹೊಟ್ಟೆಯಲ್ಲಿ ಚಹಾದ ಜೊತೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ಕೊಯ್ಲು ಶುರುವಾದಾಗಿನಿಂದ ದಿನವೂ. ಮಲ ಡಾಂಬರಿನಂತೆ ಕಪ್ಪಗಿದೆಯೇ ಎಂದೂ ಕೇಳಿದೆ, ಇಲ್ಲವೆಂದರು. ಹೌದೆಂದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕಳುಹಿಸುತ್ತಿದ್ದೆ. ಮಾತ್ರೆಯ ಹಾಳೆಯನ್ನು ಕೈಗೆ ಕೊಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಲು ಹೇಳಿದೆ. ಅಲ್ಲಿ ಆ ಮಾತ್ರೆ ನಿಲ್ಲಿಸಿ ಹೊಟ್ಟೆಗೆ ಔಷಧಿ ಕೊಟ್ಟರು. 

ಮುಂದೆ ಸೊಂಟಕ್ಕೆ ನನ್ನಲ್ಲಿ ಬರುತ್ತಿದ್ದಾಗಲೆಲ್ಲ ಆ ಎಡಬದಿಯ ಹುರಿಯನ್ನೂ ಮುಟ್ಟಿ ನೋಡುತ್ತಿದ್ದೆ. ಅದು ಮೆತ್ತಗಾಗುತ್ತ ಬಂದದ್ದೂ ಹೊಟ್ಟೆಯುರಿ ಇಳಿದದ್ದೂ ಹೆಚ್ಚುಕಡಿಮೆ ಒಟ್ಟಿಗೆ. ಹುರಿ ಬಿಡಿಸಿದ್ದರಿಂದ ಹೊಟ್ಟೆ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆ ನಿಂತಿತು, ಹೊಟ್ಟೆ ವಾಸಿಯಾಯಿತು. ಬಿಂದು ಮಾಡಿದ ಉಪಕಾರವೆಂದರೆ, ಸೊಂಟ ಹಿಡಿದು ಬಂದವರ ಬಳಿ ಊಟದ ಮಾತೆತ್ತುವಂತೆ ಮಾಡಿದ್ದು.

ಕೈ ತೆಗೆಯಬೇಕಾದಾಗ

ಇಲ್ಲಿ ನಾನು ನರ್ಸ್ ಆಗಿಯೇ ಮಾತಾಡುತ್ತೇನೆ. ಝೂಸಾನ್‌ಲಿಯಿಂದ ಎರಡು ತ್ಸುನ್ ಕೆಳಗೆ ‘ಲಾನ್‌ವೇಯ್’ ಎಂಬ ಬಿಂದುವಿದೆ. 361ರ ಪಟ್ಟಿಗೆ ಸೇರದ ಹೆಚ್ಚುವರಿ ಬಿಂದು. ಅಪೆಂಡಿಕ್ಸ್ ಉರಿಯೂತದಲ್ಲಿ ಅದು, ಮುಖ್ಯವಾಗಿ ಬಲಗಾಲಿನಲ್ಲಿ, ನೋಯುತ್ತದೆ ಎನ್ನುತ್ತಾರೆ. ಹೊಕ್ಕುಳಿನ ಸುತ್ತ ಶುರುವಾಗಿ ಬಲ ಕಿಬ್ಬೊಟ್ಟೆಗೆ ಇಳಿದ ನೋವು, ವಾಕರಿಕೆ, ಸಣ್ಣ ಜ್ವರ ಇದ್ದರೆ ಆ ಬಿಂದುವನ್ನು ಮುಟ್ಟುವ ಕುತೂಹಲವೂ ಬೇಡ. ಅದು ನೋಯದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹಾಗಿರುವಾಗ ಒತ್ತಿ ಗಳಿಸುವುದೇನು?

ಎದೆ ಹಿಂಡಿದಂತೆ ನೋವು, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ, ಬೆವರು ಬಂದರೆ, ಹೃದಯದ ಬಿಂದು ಹುಡುಕುತ್ತ ಕೂರಬೇಡಿ. ನಮ್ಮ ಕಡೆಯಿಂದ ಮೈಸೂರು ಎಂದರೆ ಎರಡು ಗಂಟೆಯ ದಾರಿ. ನೀವು ಒತ್ತುವ ಹತ್ತು ನಿಮಿಷ ಆ ದಾರಿಗೆ ಸೇರಿಕೊಳ್ಳುತ್ತದೆ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮಳೆಗಾಲದಲ್ಲಿ ಗದ್ದೆಗೋ ಚರಂಡಿಗೋ ಇಳಿದವರು ಜ್ವರ ಬಂದು ಮೀನಖಂಡ ಹಿಡಿದುಕೊಂಡು ಬರುತ್ತಾರೆ. ಮೀನಖಂಡದ ನಡುವೆ ‘ಚೆಂಗ್‌ಶಾನ್’ ಬಿಂದುವಿದೆ, ಒತ್ತಿದರೆ ಅರಚುತ್ತಾರೆ. ಬಿಂದು ಸಿಕ್ಕಿತೆಂದು ಹಿಗ್ಗಬೇಡಿ. ಜ್ವರ, ತಲೆನೋವು, ಕೆಂಪಗಾದ ಕಣ್ಣು, ಮುಟ್ಟಲಾಗದ ಮೀನಖಂಡ ಇವು ಇಲಿಜ್ವರದ ಲಕ್ಷಣಗಳು. ತಡಮಾಡಿದರೆ ಮೂತ್ರಪಿಂಡ, ಯಕೃತ್ತು ಕೆಡುತ್ತವೆ. ಇಲಿಜ್ವರಕ್ಕೆ ಆಂಟಿಬಯೋಟಿಕ್ ಬೇಕು. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ಉಜ್ಜಲೇಬಾರದು. ಪಕ್ಕೆಲುಬಿನ ಜಾಡಿನಲ್ಲಿ ಒಂದೇ ಬದಿಗೆ ಬಟ್ಟೆ ತಗುಲಿದರೂ ಉರಿಯುವ ಪಟ್ಟಿ ಕಂಡರೆ ಯಕೃತ್ತು ಪಿತ್ತಕೋಶ ಎನ್ನುವ ಮೊದಲು ಒಂದೆರಡು ದಿನದಲ್ಲಿ ಬೊಕ್ಕೆ ಏಳುತ್ತದೆಯೇ ನೋಡಿ. ಸರ್ಪಸುತ್ತು ಹೀಗೆಯೇ ಶುರುವಾಗುತ್ತದೆ, ಅದರ ಔಷಧಿ ಬೇಗ ಸಿಕ್ಕಷ್ಟೂ ಒಳ್ಳೆಯದು.

ಇದನ್ನು ವೈದ್ಯರಿಗೆ ಹೇಳುವುದು

ಇದೆಲ್ಲ ಮೂಢನಂಬಿಕೆ ಎಂದು ಗೊಣಗುವ ಡಾಕ್ಟರೂ ಒಂದು ಮಟ್ಟಕ್ಕೆ ಒಪ್ಪುವ ವಿಷಯವಿದೆ. 1893ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ಎಂಬ ವೈದ್ಯ, ಒಳಗಿನ ಅಂಗ ಕೆಟ್ಟಾಗ ಚರ್ಮದ ಗೊತ್ತಾದ ಪಟ್ಟಿಗಳು ನೋಯುವುದನ್ನು ದಾಖಲಿಸಿದ. ಅಂಗದ ನರವೂ ಚರ್ಮದ ನರವೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುವುದರಿಂದ ಮಿದುಳಿಗೆ ಗೊಂದಲವಾಗುತ್ತದೆ. ಶ್ವಾಸಕೋಶ, ಹೃದಯಗಳ ಬೆನ್ನಿನ ಬಿಂದುಗಳು ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತವೆ. ಜಠರದ್ದು ಕೂರುವುದಿಲ್ಲ. ಅದರ ನರಗಳು ಎದೆಭಾಗದ ಆರರಿಂದ ಒಂಬತ್ತರ ಸುತ್ತ, ಚೀನೀಯರ ಬಿಂದು ಹನ್ನೆರಡರಲ್ಲಿ. ಕಾಲಿನ ಝೂಸಾನ್‌ಲಿಗಂತೂ ಈ ವಿವರಣೆ ಇಳಿಯುವುದೇ ಇಲ್ಲ. 2017ರಲ್ಲಿ ಕೊರಿಯಾದ ಸಂಶೋಧಕರು ರಕ್ತದೊತ್ತಡ ಏರಿಸಿದ ಇಲಿಗಳ ನಾಳಕ್ಕೆ ಬಣ್ಣ ಬಿಟ್ಟಾಗ ಚರ್ಮದಲ್ಲಿ ಬಣ್ಣ ಒಸರಿದ ಪುಟ್ಟ ಚುಕ್ಕೆಗಳು ಮೂಡಿದವು. ಅವುಗಳಲ್ಲಿ ಹಲವು, ಮಣಿಕಟ್ಟಿನ ಸುತ್ತ, ಬಿಂದುಗಳ ಜಾಗಕ್ಕೆ ಹೊಂದಿದವು. ಕುತೂಹಲದ ಸಂಗತಿ; ಆದರೆ ಇಲಿಯ ಚರ್ಮದಿಂದ ನಮ್ಮ ಬೆನ್ನಿಗೆ ಜಿಗಿಯಲು ನಾನು ಸಿದ್ಧಳಿಲ್ಲ. ಮಣಿಕಟ್ಟಿನ ಮಡಿಕೆಯಿಂದ ಎರಡು ತ್ಸುನ್ ಮೇಲೆ, ಎರಡು ನರದಂಥ ಹುರಿಗಳ ನಡುವಿನ ‘ನೇಯ್‌ಗುವಾನ್’ ಬಿಂದು ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯನ್ನು ಇಳಿಸುತ್ತದೆ ಎಂಬುದಕ್ಕೆ ಮನುಷ್ಯರ ಮೇಲಿನ ಪ್ರಯೋಗಗಳ ಬೆಂಬಲವಿದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಿಡುವ ನಮ್ಮ ಮಕ್ಕಳಿಗೂ ಅದನ್ನು ಹೇಳಿಕೊಟ್ಟಿದ್ದೇನೆ, ಅದರಿಂದ ಕೆಡುವುದೇನೂ ಇಲ್ಲ.

ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಹಿಂದಿನ ದಿನದ ಕೆಲಸ, ಹೆಂಗಸರಾದರೆ ಮುಟ್ಟಿನ ದಿನ. ಬಿಂದುವಿನ ಮುಂದೆ ಎಡ, ಬಲ ಎಂದು ಎರಡು ಮನೆ: ಏನೂ ಇಲ್ಲದಿದ್ದರೆ ಸೊನ್ನೆ, ಕೇಳಿದಾಗ ಹೇಳಿದರೆ ಒಂದು, ತಾನಾಗಿ ಹೇಳಿದರೆ ಎರಡು, ಮೈ ಹಿಂದೆಗೆದರೆ ಮೂರು. ಗಂಟು, ಹುರಿ, ತಗ್ಗು, ತಂಪು ಇದ್ದರೆ ಪಕ್ಕದಲ್ಲಿ ಒಂದೊಂದು ಪದ. ಹಿಂದಿನ ಪುಟ ನೋಡದೆ ಹೊಸದನ್ನು ಬರೆಯಿರಿ, ಆಮೇಲೆ ಹೋಲಿಸಿ. ಹಳೆಯ ಅಂಕಿ ಕಣ್ಣಿಗೆ ಬಿದ್ದರೆ ಬೆರಳು ಅದನ್ನೇ ಹುಡುಕಿ ತರುತ್ತದೆ. ಒಂದು ವಾರದ ಅಂತರದಲ್ಲಿ ಅದೇ ಜಾಗ, ಅದೇ ಬದಿ, ಅದೇ ಅಂಕಿ ಉಳಿದಿದ್ದರೆ ಅಥವಾ ಏರಿದ್ದರೆ ವೈದ್ಯರಿಗೆ ತೋರಿಸಲು ಚೀಟಿ ಬರೆದುಕೊಡಿ. ಚೀಟಿಯಲ್ಲಿ ಝೊಂಗ್‌ವಾನ್, ಚಿ, ತುಂಬು, ಕೊರತೆ ಎಂದೆಲ್ಲ ಬರೆದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ನಾನು ಬರೆಯುವುದು ಹೀಗೆ: “ಮೇಲುಹೊಟ್ಟೆಯ ನಡುವೆ ಹಗುರವಾಗಿ ಒತ್ತಿದರೂ ನೋವು. ಒಂದು ವಾರದಿಂದ ಹಾಗೇ ಇದೆ. ಊಟವಾದ ಮೇಲೆ ಉರಿ. ನೋವಿನ ಮಾತ್ರೆ ದಿನಕ್ಕೆ ಎರಡು ತೆಗೆದುಕೊಳ್ಳುತ್ತಿದ್ದಾರೆ, ಹಾಳೆ ಜೊತೆಗಿದೆ. ದಯವಿಟ್ಟು ನೋಡಿ.”